ಶರಾವತಿ ವರದಿಯಲ್ಲಿ ನಮ್ಮವರ ಕಾಲಂ ಎಲ್ಲಿ?



ಶರಾವತಿ ಪಂಪ್ಡ್ ಸ್ಟೋರೇಜ್ ಬಗ್ಗೆ ಯಾಕೆ ಬರೀತಿಲ್ಲ ಅಂತ ಕೆಲವರು ಕೇಳಿದ್ರಿ. ಬರೀತೀನಿ. ಆದರೆ ಸಿಂಗಳೀಕದ ಫೋಟೋ ಹಾಕಿ, ಜೋಗದ ಸೌಂದರ್ಯ ಹೋಯ್ತು ಅಂತ ಕಣ್ಣೀರು ಸುರಿಸೋದು ನನ್ನಿಂದ ಆಗಲ್ಲ. ಆ ಕೆಲಸಕ್ಕೆ ಬೇಕಾದಷ್ಟು ಜನ ಇದ್ದಾರೆ.

1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ನದಿಯ ನೀರು ಕಾಲುವೆ ಹಿಡಿದು ತಲಕಳಲೆಗೆ, ಅಲ್ಲಿಂದ ಕೊಳವೆಯಲ್ಲಿ ವಿದ್ಯುದಾಗಾರಕ್ಕೆ ಹೋಗುತ್ತೆ. ಜೋಗದ ಹಾದಿಯ ಹಳೇ ಪಾತ್ರ ಬೇಸಿಗೆಯಲ್ಲಿ ಬಡಕಲು. ಗೇರುಸೊಪ್ಪೆ ದಾಟಿದರೆ ಉಲ್ಟಾ: ಅಲ್ಲಿ ಹರಿವು ಮಳೆ-ಬೇಸಿಗೆ ನೋಡಲ್ಲ, ಕರೆಂಟಿನ ಬೇಡಿಕೆ ನೋಡುತ್ತೆ. ಹೊನ್ನಾವರದ ಅಳಿವೆಯಲ್ಲಿ ಸಿಹಿನೀರು ಹೆಚ್ಚಾಗಿ ಬಳಚು (ಅದೇ ಚಿಪ್ಪಿಕಲ್ಲು) ಹೆಚ್ಚುಕಮ್ಮಿ ಮಾಯ ಆಯ್ತು ಅಂತ ವಿಜ್ಞಾನಿಗಳೇ ಬರೆದಿದ್ದಾರೆ. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಅದೇ ಬಳಚು ನೂರಾರು ಮನೆಗಳ ಅನ್ನ.

ಈಗ ತಲಕಳಲೆ-ಗೇರುಸೊಪ್ಪೆ ನಡುವೆ ನೀರನ್ನು ಮೇಲೆ ಕೆಳಗೆ ಆಡಿಸುವ 2000 ಮೆಗಾವ್ಯಾಟ್ ಯೋಜನೆ. ಪರಿಸರ ವರದಿ ಬಂತು. 2025ರ ಸೆಪ್ಟೆಂಬರಲ್ಲಿ ಕಾರ್ಗಲ್, ಗೇರುಸೊಪ್ಪೆಯಲ್ಲಿ ಅಹವಾಲು ಸಭೆಯೂ ಆಯ್ತು. (ಇಂಥ ಸಭೆಗೆ ಕೋರಂ ಬೇಕಿಲ್ಲ ಅಂತ 2006ರ ಅಧಿಸೂಚನೆಯಲ್ಲೇ ಇದೆ, ಓದಿ ನೋಡಿ.)

ಜಲವಿದ್ಯುತ್ ಯೋಜನೆ ಅಂದ್ರೆ ನದಿಗೆ ಎಷ್ಟು ನೀರು ಉಳಿಸಬೇಕು ಅಂತ ಲೆಕ್ಕ ಹಾಕ್ತಾರೆ. ಕೇಂದ್ರದ ತಜ್ಞರ ಸಮಿತಿಯ ರೂಢಿ: ಹತ್ತರಲ್ಲಿ ಒಂಬತ್ತು ವರ್ಷ ಖಾತ್ರಿ ಸಿಗುವಷ್ಟು ಹರಿವಿನ ವರ್ಷ ಹಿಡಿ, ಅದರ ನಾಲ್ಕು ಒಣ ತಿಂಗಳ ಸರಾಸರಿಯಲ್ಲಿ ಕನಿಷ್ಠ ಶೇ. 20 ಬಿಡು. ಬರಗಾಲದ ಕೂಳಲ್ಲಿ ಐದರಲ್ಲೊಂದು ಪಾಲು! ಆಯ್ತು, ಮೀನಿಗೆ ಒಂದು ಶೇಕಡಾ ಸಿಕ್ತು. ನದಿ ನಂಬಿದ ಮನುಷ್ಯರಿಗೆ?

ನಾನು ಗುಮಾಸ್ತ. ಕಾಲಂ ಇಲ್ಲದವರಿಗೆ ಫೈಲಿನಲ್ಲಿ ಜೀವ ಇಲ್ಲ, ದಿನಾ ನೋಡ್ತೀನಿ. 2013ರ ಭೂಸ್ವಾಧೀನ ಕಾಯ್ದೆ ಮೀನುಗಾರರು, ದೋಣಿಯವರು, ಕೂಲಿಯವರನ್ನೂ ಬಾಧಿತ ಕುಟುಂಬ ಅನ್ನುತ್ತೆ. ಆದರೆ ಭೂಮಿ ಸ್ವಾಧೀನ ಆದಾಗ ಮಾತ್ರ. ಕೆಳದಂಡೆಯಲ್ಲಿ ಇವರು ಭೂಮಿ ಎಲ್ಲಿ ತಗೊಳ್ತಾರೆ? ಹರಿವನ್ನಷ್ಟೇ ತಗೊಳ್ತಾರೆ. ಮೊದಲೇ ಪಹಣಿ ಇಲ್ಲದ ನಮ್ಮವರು ಹೀಗೆ ಎರಡನೇ ಸಲ ಇಲ್ಲವಾಗ್ತಾರೆ.

"ಬಾಬಾಸಾಹೇಬರೇ ಅಣೆಕಟ್ಟಿನ ಪರ ಇದ್ರಲ್ವಾ" ಅಂತ ಕಾಲೆಳೆಯೋರಿಗೆ: ಹೌದು. ವೈಸರಾಯ್ ಮಂಡಳಿಯಲ್ಲಿದ್ದಾಗ ದಾಮೋದರ್ ಕಣಿವೆ ಯೋಜನೆಗೆ ದುಡಿದವರು ಅವರೇ. 1927ರಲ್ಲಿ ಮಹಾಡದ ಕೆರೆಗೆ ಇಳಿದವರೂ ಅವರೇ. ಕರೆಂಟು ಬೇಡ ಅಂತ ನಾನೂ ಅನ್ನಲ್ಲ. ಯಾರ ನೀರು ಕಸೀತೀರಿ, ಹೆಸರು ಬರೀರಿ ಅಂತೀನಿ.

ಅನುಮತಿಗೆ ಮೊದಲು ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಎರಡೂ ದಂಡೆಯಲ್ಲಿ ಮನೆಮನೆ ಸಮೀಕ್ಷೆ ಆಗಬೇಕು: ಜಾತಿ, ಕಸುಬು, ನದಿಯಿಂದ ಏನು ಸಿಗುತ್ತೆ, ಎಷ್ಟು. ಮನವಿಯ ಕರಡು ರೆಡಿ ಇದೆ. ಸಹಿ ಮಾಡೋರು ಇನ್‌ಬಾಕ್ಸಿಗೆ ಬನ್ನಿ.