ಗೃಹಿಣಿಯ ಮೂಲೆ: ಮೈಕ್ರೋವೇವಿಗೆ ಯಾವ ಪಾತ್ರೆ?



ಕಳೆದ ಶ್ರಾವಣದಲ್ಲಿ ನಮ್ಮ ಅತ್ತೆಯವರು ವಿಜಯಪುರದ ಕಡೆಯ ಹಳ್ಳಿಯಿಂದ ಚಾಕಣಕ್ಕೆ ಬಂದರು. ಒಂದು ಮಧ್ಯಾಹ್ನ ನಾವು ಪೇಟೆಗೆ ಹೋಗಿದ್ದೆವು. ಮನೆಯಲ್ಲಿ ಗ್ಯಾಸು ಮುಗಿದಿತ್ತು. ಶಾಲೆಯಿಂದ ಬಂದ ಮೊಮ್ಮಗನಿಗೆ ಹಾಲು ಬಿಸಿಮಾಡಿ ಕೊಡಬೇಕೆಂದು ಅವರು ಸ್ಟೀಲಿನ ಲೋಟವನ್ನು ಮೈಕ್ರೋವೇವ್ ಒಲೆಯಲ್ಲಿಟ್ಟು ಗುಂಡಿ ಒತ್ತಿದರು. ಲೋಟವು ಒಳಗೋಡೆಗೆ ತಗಲುವಂತಿತ್ತು. ಚಟಚಟನೆ ಕಿಡಿ ಹಾರಿತು. ಹುಡುಗನು ಓಡಿಬಂದು ಒಲೆಯನ್ನು ಆರಿಸಿದನು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

"ಪೆಟ್ಟಿಗ್ಯಾಗ ಮಿಂಚು ಹೊಡೀತವ್ವಾ, ಇನ್ನ ನಾ ಅದನ್ನ ಮುಟ್ಟಂಗಿಲ್ಲ" ಎಂದರು ಅತ್ತೆಯವರು. ಹೇಳಿದಂತೆಯೇ ನಡೆದರು. ಸೊಸೆಯ ಮನೆಯ ಸಾಮಾನನ್ನು ತಾವು ಕೆಡಿಸಿದೆವೆಂಬ ಅಳುಕು ಅವರ ಮುಖದಲ್ಲಿ ಬಹಳ ದಿನ ಇತ್ತು. ತಪ್ಪು ಅವರದಲ್ಲ. ಒಲೆಯೊಡನೆ ಬಂದ ಪುಸ್ತಕದಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಅದನ್ನೋದಿ ಅವರಿಗೆ ತಿಳಿಸಬೇಕಾದ ನಾವು ತಿಳಿಸಿರಲಿಲ್ಲ. ಆದುದರಿಂದ ಈ ಸಲ ಇದೇ ಮಾತು.

ಈ ಒಲೆಯಲ್ಲಿ ಬೆಂಕಿಯಿಲ್ಲ. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರು ರೇಡಾರ್ ಯಂತ್ರದ ಕೆಲಸದಲ್ಲಿದ್ದಾಗ ಜೇಬಿನ ಮಿಠಾಯಿ ಕರಗಿತೆಂದೂ, ಅದರಿಂದಲೇ ಈ ಒಲೆ ಹುಟ್ಟಿತೆಂದೂ ಹೇಳುತ್ತಾರೆ. ಒಳಗೆ ಹೊರಡುವ ವಿದ್ಯುತ್ ಅಲೆಯು ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುತ್ತದೆ. ಆಹಾರದಲ್ಲಿರುವ ನೀರು ಆ ಅಲೆಯನ್ನು ಹೀರಿ ಬಿಸಿಯಾಗುತ್ತದೆ. ಗಾಜು, ಪಿಂಗಾಣಿಗಳು ಅಲೆಗೆ ದಾರಿ ಬಿಡುತ್ತವೆ. ಲೋಹವು ಅದನ್ನು ಹಿಂದಕ್ಕೆ ತಳ್ಳುತ್ತದೆ. ಚೂಪಾದ ಅಂಚು, ಮೊನೆ, ಮಡಿಕೆಗಳಿದ್ದರೆ ಕಿಡಿಯೂ ಹಾರುತ್ತದೆ. ಅಲೆಗೆ ದಾರಿ ಕೊಟ್ಟು ತಾನು ತಣ್ಣಗಿರುವುದೇ ಇಲ್ಲಿ ಒಳ್ಳೆಯ ಪಾತ್ರೆ. ಇಷ್ಟು ತಿಳಿದರೆ ಮುಕ್ಕಾಲು ಪಾಲು ತಿಳಿದಂತೆ.

ಸ್ಟೀಲು, ಹಿತ್ತಾಳೆ, ತಾಮ್ರ, ಹಿಂಡಾಲಿಯಂಗಳನ್ನು ಇಡತಕ್ಕದ್ದಲ್ಲ. ಒಳಗೆ ಮರೆತ ಚಮಚ, ಚಪಾತಿ ಸುತ್ತಿದ ಬೆಳ್ಳಿಬಣ್ಣದ ಹಾಳೆ ಇವೂ ಲೋಹವೇ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಪಿಂಗಾಣಿ ಬಟ್ಟಲಿನ ಚಿನ್ನದ ಗೆರೆಯನ್ನು ಮರೆಯಬೇಡಿರಿ. ಆ ಗೆರೆಯೂ ಲೋಹ, ಅಲ್ಲಿಯೂ ಕಿಡಿ ಬರುತ್ತದೆ.

ಗಾಜಿನಲ್ಲಿ ಶಾಖ ತಡೆಯುವ ಬೋರೋಸಿಲಿಕೇಟ್ ಗಾಜು ಉತ್ತಮ. ನೀರು ಕುಡಿಯುವ ತೆಳು ಲೋಟ ಬೇಡ. ಬಿಸಿ ಗಾಜನ್ನು ಒದ್ದೆ ಕಟ್ಟೆಯ ಮೇಲಿಟ್ಟರೆ ಎಂಥ ಗಾಜೂ ಸೀಳಬಹುದು. ಊರಿನಿಂದ ತಂದ ಮೊಸರಿನ ಮಣ್ಣಿನ ಗಡಿಗೆಯೂ ಬೇಡ. ಅದು ನೀರು ಹೀರಿಕೊಂಡಿರುತ್ತದೆ. ಆ ನೀರು ಕಾದು ಗಡಿಗೆ ಬಿರಿಯುತ್ತದೆ.

ಪ್ಲಾಸ್ಟಿಕ್ಕಿನದೇ ದೊಡ್ಡ ಗೊಂದಲ. ಶ್ರೀಖಂಡದ ಖಾಲಿ ಡಬ್ಬಿಗಳನ್ನು ತೊಳೆದು ಜೋಡಿಸಿಡುವುದು ಇಲ್ಲಿಗೆ ಬಂದ ಮೇಲೆ ನಾವೆಲ್ಲರೂ ಕಲಿತ ಮಿತವ್ಯಯ. ಅವು ಅವಲಕ್ಕಿ, ರವೆ ತುಂಬಲು ಇರಲಿ, ಬಿಸಿಮಾಡಲು ಬೇಡ. ಮೈಕ್ರೋವೇವಿಗೆ ತಕ್ಕದ್ದೆಂದು ತಯಾರಕರು ಗುರುತು ಒತ್ತಿದ ಡಬ್ಬಿ ಮಾತ್ರ ಆಗಬಹುದು. ಅದರಲ್ಲಿಯೂ ಎಣ್ಣೆಗಾಯಿ, ಹೋಳಿಗೆಗಳನ್ನು ಕಾಯಿಸಬೇಡಿರಿ. ಎಣ್ಣೆ, ತುಪ್ಪ, ಸಕ್ಕರೆಗಳು ನೀರಿಗಿಂತ ಹೆಚ್ಚು ಬಿಸಿಯಾಗಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತವೆ. ಪಿಂಗಾಣಿಯಂತೆಯೇ ಕಾಣುವ ಮೆಲಮೈನ್ ತಟ್ಟೆ ತಾನೇ ಕಾಯುತ್ತದೆ, ಅದೂ ಬೇಡ.

ಗುರುತಿಲ್ಲದ ಪಿಂಗಾಣಿ ಬಟ್ಟಲಿದ್ದರೆ ಹೀಗೆ ಪರೀಕ್ಷಿಸಬಹುದು. ಖಾಲಿ ಬಟ್ಟಲನ್ನು ಇಟ್ಟು, ತಕ್ಕ ಗಾಜಿನ ಕಪ್ಪಿನಲ್ಲಿ ನೀರು ತುಂಬಿ ಅದರ ಪಕ್ಕದಲ್ಲಿಡಿರಿ. ಒಂದು ನಿಮಿಷ ಒಲೆ ನಡೆಸಿರಿ. ನೀರು ಬಿಸಿಯಾಗಿ ಬಟ್ಟಲು ತಣ್ಣಗಿದ್ದರೆ ಅದು ಯೋಗ್ಯ. ಬಟ್ಟಲೇ ಕಾದಿದ್ದರೆ ಅಯೋಗ್ಯ. ಲೋಹವನ್ನೂ ಚಿನ್ನದ ಗೆರೆಯನ್ನೂ ಈ ಪರೀಕ್ಷೆಗೆ ಇಡಕೂಡದು.

ಈಗಿನ ಅನೇಕ ಒಲೆಗಳಲ್ಲಿ ಕನ್ವೆಕ್ಷನ್ ಎಂಬ ಇನ್ನೊಂದು ವಿಧಾನವುಂಟು. ಅದು ಬಿಸಿಗಾಳಿಯದು. ಅಲ್ಲಿ ಕೇಕಿನ ಲೋಹದ ತಟ್ಟೆ ನಡೆಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಪೆಟ್ಟಿಗೆ ಒಂದೇ, ನಿಯಮ ತಿರುಗುಮುರುಗು. ಗುಂಡಿ ಒತ್ತುವ ಮೊದಲು ಯಾವ ವಿಧಾನವೆಂದು ನೋಡಿರಿ.

ಚಾಕಣದ ನಮ್ಮ ಮನೆಗಳಲ್ಲಿ ಈ ಒಲೆಯನ್ನು ಹೆಚ್ಚು ಬಳಸುವವರು ಗೃಹಿಣಿಯರಲ್ಲ. ಕಾರಖಾನೆಯ ಎರಡನೆಯ ಪಾಳಿ ಮುಗಿಸಿ ನಡುರಾತ್ರಿ ಬಂದು, ಮಲಗಿದವರನ್ನು ಎಬ್ಬಿಸಬಾರದೆಂದು ತಾವೇ ಅನ್ನ ಬಿಸಿಮಾಡಿಕೊಳ್ಳುವ ಗಂಡಸರು. ಶಾಲೆಯಿಂದ ಹಸಿದು ಬರುವ ಮಕ್ಕಳು. ಊರಿನಿಂದ ಬಂದ ಹಿರಿಯರು. ಅವರಿಗಾಗಿ ನಾವು ಎರಡು ಕೆಲಸ ಮಾಡಿದೆವು. ಯೋಗ್ಯವಾದ ಪಾತ್ರೆಗಳನ್ನು ಆರಿಸಿ ಒಲೆಯ ಪಕ್ಕದಲ್ಲಿಯೇ ಇಟ್ಟೆವು. ಉಳಿಸಿದ ಸಾರು, ಪಲ್ಯಗಳನ್ನೂ ಅವುಗಳಲ್ಲಿಯೇ ಫ್ರಿಜ್ಜಿನಲ್ಲಿಡುತ್ತೇವೆ. ಎರಡನೆಯದಾಗಿ, ದಪ್ಪಕ್ಷರದಲ್ಲಿ ಒಂದು ಕನ್ನಡ ಚೀಟಿ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದೆವು. ತಾವೂ ಬರೆದುಕೊಳ್ಳಬಹುದು:

1. ಪಕ್ಕದಲ್ಲಿಟ್ಟಿರುವ ಪಾತ್ರೆಗಳಲ್ಲಿ ಮಾತ್ರ ಬಿಸಿಮಾಡಿರಿ.
2. ಸ್ಟೀಲು, ಚಮಚ, ಬೆಳ್ಳಿಬಣ್ಣದ ಹಾಳೆ, ಚಿನ್ನದ ಗೆರೆ ಬೇಡ.
3. ಮುಚ್ಚಳ ಬಿಗಿಯಬೇಡಿರಿ, ಉಗಿಗೆ ದಾರಿ ಇರಲಿ.
4. ಸಿಪ್ಪೆಯಿರುವ ಮೊಟ್ಟೆ ಇಡಬೇಡಿರಿ, ಸಿಡಿಯುತ್ತದೆ.
5. ಕೂಸಿನ ಹಾಲು ಇದರಲ್ಲಿ ಬೇಡ. ಶೀಶೆ ತಣ್ಣಗಿದ್ದರೂ ಒಳಗೆ ಸುಡುತ್ತಿರಬಹುದು.
6. ಒಳಗೆ ಬೆಂಕಿ ಕಂಡರೆ ಬಾಗಿಲು ತೆಗೆಯದೆ ಗೋಡೆಯ ಸ್ವಿಚ್ಚು ಆರಿಸಿರಿ.

ಅತ್ತೆಯವರು ಕನ್ನಡಕ ಹಾಕಿಕೊಂಡು ಚೀಟಿಯನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಪೆನ್ನು ಕೇಳಿ ಪಡೆದು, ಎರಡನೆಯ ಸಾಲಿನ ಕೊನೆಗೆ "ಲೋಟಾನೂ ಬ್ಯಾಡ" ಎಂದು ಸೇರಿಸಿದರು. ಈಗ ಮಗ ಪಾಳಿ ಮುಗಿಸಿ ಬಂದಾಗ ಸಾರು ಬಿಸಿಮಾಡಿ ಬಡಿಸುವವರು ಅವರೇ. ನಾವು ನೆಮ್ಮದಿಯಿಂದ ನಿದ್ದೆ ಮಾಡುತ್ತೇವೆ.