ಸರ್ವರ್ ಡೌನ್ ಅಲ್ಲ ಸ್ವಾಮಿ, ಕೇಬಲ್ ಕಟ್!

"ಸರ್ವರ್ ಡೌನ್ ಇದೆ, ನಾಳೆ ಬನ್ನಿ."

ಈ ಮಾತು ಕೇಳದವರು ನಮ್ಮಲ್ಲಿ ಯಾರಾದರೂ ಇದ್ದಾರಾ? ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ಸಾಲು ನಿಂತವರಿಗೆ, ನಾಡಕಚೇರಿಯಲ್ಲಿ ಪ್ರಮಾಣಪತ್ರಕ್ಕೆ ಕಾದವರಿಗೆ, ಬ್ಯಾಂಕಿಗೆ ಪಿಂಚಣಿ ತೆಗೆಯಲು ಬಂದ ಅಜ್ಜಿಗೆ.. ಎಲ್ಲರಿಗೂ ಇದೇ ಉತ್ತರ. ಎಲ್ಲೋ ದೂರದಲ್ಲಿ ಸರ್ವರ್ ಎಂಬ ದೇವರು ಮುನಿಸಿಕೊಂಡಿದ್ದಾನೆ, ನಾವೇನು ಮಾಡೋಕಾಗುತ್ತೆ ಅನ್ನೋ ಧಾಟಿ.

ಕೆಲವು ಸಲ ಸರ್ವರ್ ನಿಜಕ್ಕೂ ಕೈಕೊಟ್ಟಿರುತ್ತದೆ, ಇಲ್ಲ ಅನ್ನೋಲ್ಲ. ಆದರೆ ಎಷ್ಟೋ ಸಲ ಅದು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿಯೇ ಇರುತ್ತದೆ. ಕಡಿದುಹೋಗಿರುವುದು ಅದಕ್ಕೂ ನಮಗೂ ನಡುವಿನ ದಾರಿ. ಈ ಎರಡಕ್ಕೂ ಒಂದೇ ಹೆಸರಿಟ್ಟು ನಾವು ಸುಮ್ಮನಾಗಿಬಿಡುವುದೇ ದೊಡ್ಡ ತಪ್ಪು ಎನ್ನುವುದು ನನ್ನ ವಾದ.

ಕಂಪ್ಯೂಟರ್ ಜಾಲವನ್ನು ಏಳು ಪದರಗಳಾಗಿ ವಿಂಗಡಿಸಿ ಪಾಠ ಮಾಡುತ್ತಾರೆ. ಎಲ್ಲಕ್ಕಿಂತ ಕೆಳಗಿನದು ಫಿಸಿಕಲ್ ಲೇಯರ್, ಅಂದರೆ ಭೌತಿಕ ಪದರ. ನಾವು ಕಳಿಸುವ ಫೋಟೋ, ದುಡ್ಡು, ಶುಭಾಶಯ ಎಲ್ಲವೂ ಮೇಲಿನಿಂದ ಇಳಿದು ಕೊನೆಗೆ ಇಲ್ಲಿ ಬರೀ 0 ಮತ್ತು 1 ಆಗಿ ನಿಲ್ಲುತ್ತವೆ. ಈ 0 ಮತ್ತು 1 ತಾವಾಗಿಯೇ ಎಲ್ಲಿಗೂ ಹೋಗಲಾರವು. ಯಾವುದಾದರೂ ವಸ್ತುವಿನ ಮೇಲೋ ಅಲೆಯ ಮೇಲೋ ಸವಾರಿ ಮಾಡಬೇಕು. ತಾಮ್ರದ ತಂತಿಯಾದರೆ ವೋಲ್ಟೇಜಿನ ಏರಿಳಿತ, ಗಾಜಿನ ಎಳೆಯಾದರೆ ಬೆಳಕಿನ ಮಿಣುಕು, ಮೊಬೈಲ್ ಆದರೆ ರೇಡಿಯೋ ಅಲೆ.

ಇವುಗಳಲ್ಲಿ ದೂರದ ಓಟದ ಕುದುರೆ ಅಂದರೆ ಗಾಜಿನ ಎಳೆಯೇ. ಕಂಪ್ಯೂಟರಿಗೆ ಚುಚ್ಚುವ ಸಾಮಾನ್ಯ ತಾಮ್ರದ ಈಥರ್ನೆಟ್ ಕೇಬಲ್ 100 ಮೀಟರಿಗೇ ಸುಸ್ತಾಗುತ್ತದೆ. ಆಪ್ಟಿಕಲ್ ಫೈಬರ್ ಎಳೆ ಸುಮಾರು ಕೂದಲಿನಷ್ಟು ದಪ್ಪ, 125 ಮೈಕ್ರಾನ್. ಅದರ ನಡುವೆ ಬೆಳಕು ಓಡುವ ಭಾಗ ಬರೀ 9 ಮೈಕ್ರಾನಿನ ಆಸುಪಾಸು! ಈ ಗಾಜು ಎಷ್ಟು ಶುದ್ಧ ಅಂದರೆ 15 ಕಿ.ಮೀ. ಓಡಿದ ಮೇಲೂ ಸುಮಾರು ಅರ್ಧದಷ್ಟು ಬೆಳಕು ಉಳಿದಿರುತ್ತದೆ. ಗಾಜಿನಲ್ಲಿರುವ ಕಲ್ಮಶ ಕಳೆದರೆ ಇದು ಸಾಧ್ಯ ಎಂದು 1966ರಲ್ಲೇ ಹೇಳಿದ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಬಂತು.

"ಈಗೆಲ್ಲಾ ವೈರ್‌ಲೆಸ್ ಅಲ್ವಾ, ತಂತಿ ಯಾರಿಗೆ ಬೇಕು?" ಅನ್ನುವವರಿದ್ದಾರೆ. ಮೊಬೈಲಿನಿಂದ ಟವರ್ ತನಕ ಮಾತ್ರ ತಂತಿ ಇಲ್ಲ. ಟವರಿನಿಂದ ಆಚೆಗೆ ಮೈಕ್ರೋವೇವ್ ಕೊಂಡಿಯೋ ಫೈಬರೋ ಇದ್ದೇ ಇರುತ್ತದೆ, ಆ ಕೊಂಡಿಯೂ ಮುಂದೆಲ್ಲೋ ಫೈಬರಿಗೇ ಸೇರುತ್ತದೆ. ಉಪಗ್ರಹವೂ ಹಾಗೇ, ಅದರ ದತ್ತಾಂಶ ಕೊನೆಗೆ ಭೂಮಿಯ ಮೇಲಿನ ಕೇಂದ್ರಕ್ಕೆ ಇಳಿದು ಫೈಬರ್ ಹಿಡಿಯಲೇಬೇಕು. ಕ್ಲೌಡ್ ಅಂತ ಹೆಸರಿಟ್ಟಿದ್ದೇವೆ, ಆದರೆ ಆ ಮೋಡದ ಬೇರು ಮಣ್ಣಿನಲ್ಲಿದೆ. ಬೆಂಗಳೂರಿಗೆ ಸಮುದ್ರವಿಲ್ಲ. ಇಲ್ಲಿಂದ ವಿದೇಶಕ್ಕೆ ಹೋಗುವ ದತ್ತಾಂಶ ಮೊದಲು ಚೆನ್ನೈಗೋ ಮುಂಬೈಗೋ ಅಂಥ ಬೇರೊಂದು ಕಡಲತೀರಕ್ಕೋ ನೆಲದಡಿಯ ಎಳೆಯಲ್ಲೇ ಓಡಿ, ಅಲ್ಲಿ ಸಮುದ್ರಕ್ಕೆ ಇಳಿಯಬೇಕು.

ಮಣ್ಣಿನಲ್ಲಿರುವುದಕ್ಕೆ ಗುದ್ದಲಿಯ ಭಯ, ನೀರಿನಲ್ಲಿರುವುದಕ್ಕೆ ಲಂಗರಿನ ಭಯ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಸಮುದ್ರದಡಿಯ ಎರಡು ಕೇಬಲ್ ತುಂಡಾಗಿ ಇಲ್ಲಿ ಭಾರತದಲ್ಲಿ ಅಂತರ್ಜಾಲ ತೆವಳಿತು. 2011ರಲ್ಲಿ ಜಾರ್ಜಿಯಾ ದೇಶದಲ್ಲಿ ತಾಮ್ರ ಹುಡುಕುತ್ತಾ ನೆಲ ಅಗೆಯುತ್ತಿದ್ದ 75 ವರ್ಷದ ಅಜ್ಜಿಯೊಬ್ಬರು ಫೈಬರ್ ಕಡಿದರು ಎಂದು ಅಲ್ಲಿಯ ಪೊಲೀಸರು ಹೇಳಿದರು. ಪಕ್ಕದ ಅರ್ಮೇನಿಯಾ ದೇಶದ ಬಹುಭಾಗ ಗಂಟೆಗಟ್ಟಲೆ ನೆಟ್ ಇಲ್ಲದೆ ಕೂತಿತ್ತು! 2022ರ ಜನವರಿಯಲ್ಲಿ ಜ್ವಾಲಾಮುಖಿ ಸಿಡಿದಾಗ ಟೋಂಗಾ ದ್ವೀಪದೇಶವನ್ನು ಹೊರಜಗತ್ತಿಗೆ ಜೋಡಿಸಿದ್ದ ಒಂದೇ ಒಂದು ಕೇಬಲ್ ಕಡಿಯಿತು. ಸರಿಹೋಗಲು ಸುಮಾರು ಐದು ವಾರ ಬೇಕಾಯಿತು.

ನಮ್ಮಲ್ಲಿ ಜ್ವಾಲಾಮುಖಿ ಬೇಕಿಲ್ಲ, ಜೆಸಿಬಿ ಸಾಕು. ನೀರಿನವರು ಅಗೆದು ಮುಚ್ಚುತ್ತಾರೆ, ಒಳಚರಂಡಿಯವರು ಬಂದು ಮತ್ತೆ ಅಗೆಯುತ್ತಾರೆ, ಡಾಂಬರು ಒಣಗುವುದರೊಳಗೆ ಕರೆಂಟಿನವರು ಹಾಜರ್. ಹೀಗೆ ಹೊಂದಾಣಿಕೆಯಿಲ್ಲದೆ ಅಗೆದು ಕೇಬಲ್ ಮುಂತಾದವನ್ನು ಹಾಳುಮಾಡುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3000 ಕೋಟಿ ರೂಪಾಯಿ ನಷ್ಟ ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಅದಕ್ಕೆಂದೇ 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಂತು. ಅಗೆಯುವವರು ಮೊದಲೇ ತಿಳಿಸಬೇಕು, ಕೆಳಗೆ ಕೇಬಲ್ ಇರುವವರು ಬಂದು ಜಾಗ ತೋರಿಸಬೇಕು, ಇಷ್ಟೇ. ಒಳ್ಳೆಯ ಯೋಜನೆಯೇ. ಆದರೆ ನಿಮ್ಮ ಬೀದಿ ಅಗೆಯಲು ಬಂದವರನ್ನು ಒಮ್ಮೆ ಕೇಳಿ ನೋಡಿ, ಈ ಹೆಸರು ಕೇಳಿದ್ದೀರಾ ಅಂತ.

ಇಲ್ಲಿ ಜೆಸಿಬಿ ಓಡಿಸುವ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನ ಕೈಗೆ ಯಾರೂ ನಕ್ಷೆ ಕೊಟ್ಟಿಲ್ಲ. ಬೈಯಬೇಕಾದ್ದು ನಕ್ಷೆ ಇಲ್ಲದೆ ಅಗೆಯಲು ಅನುಮತಿ ಕೊಟ್ಟವರನ್ನು, ಒಂದು ಅಡಿ ಆಳಕ್ಕೂ ಹೂಳದೆ ಬಿಲ್ ಪಾಸು ಮಾಡಿಸಿಕೊಂಡವರನ್ನು, ಹೂಳುವ ಗೋಜೇ ಬೇಡವೆಂದು ಮರಕ್ಕೂ ಕಂಬಕ್ಕೂ ಕೇಬಲ್ ಸುತ್ತಿ ಹೋದವರನ್ನು.

ಇನ್ನೊಂದು ಮಾತು. ಕೇಬಲ್ ಎಲ್ಲಿ ಕಡಿದಿದೆ ಎಂದು ಕಂಪನಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಓಟಿಡಿಆರ್ ಎಂಬ ಪುಟ್ಟ ಯಂತ್ರವಿದೆ. ಎಳೆಯೊಳಗೆ ಬೆಳಕಿನ ಮಿಣುಕು ಬಿಟ್ಟು, ಅದು ಮರಳಿ ಬರಲು ಹಿಡಿದ ಸಮಯದಿಂದ ಇಷ್ಟು ದೂರದಲ್ಲಿ ತುಂಡಾಗಿದೆ ಎಂದು ಲೆಕ್ಕ ಹೇಳಿಬಿಡುತ್ತದೆ. ಬಾವಿಯಲ್ಲಿ ಕೂಗಿ ಮಾರ್ದನಿಯಿಂದ ಆಳ ಅಳೆದ ಹಾಗೆ. ಆಮೇಲೆ ಒಬ್ಬ ಹುಡುಗ ಬಿಸಿಲಲ್ಲೋ ಮಳೆಯಲ್ಲೋ ಗುಂಡಿಯ ಪಕ್ಕ ಕೂತು, ಎಳೆಗಳ ತುದಿಯನ್ನು ನುಣುಪಾಗಿ ಕತ್ತರಿಸಿ, ವಿದ್ಯುತ್ ಕಿಡಿಯಿಂದ ಕರಗಿಸಿ, ಒಂದೊಂದಾಗಿ ಬೆಸೆಯುತ್ತಾನೆ. ನಾವು ಫೋನಿನಲ್ಲಿ ಬೈಯುವುದು ಪಾಪ ಅವನಿಗೇ!

ಹಾಗಾಗಿ ನಾವು ಕೇಳಬೇಕಾದ್ದು ಹೆಚ್ಚು ಎಂಬಿಪಿಎಸ್ ಅಲ್ಲ, ಮೂರು ಸಣ್ಣ ವಿಷಯಗಳು. ಒಂದು, ರಸ್ತೆ ಮಾಡುವಾಗಲೇ ಪಕ್ಕದಲ್ಲಿ ಕೊಳವೆ ಹಾಕಿ, ಆಮೇಲೆ ಅಗೆಯದೆ ಕೇಬಲ್ ತೂರಿಸುವ ಹಾಗಿರಲಿ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಫುಟ್‌ಪಾತ್ ಕೆಳಗೆ ಹೀಗೆ ಮಾಡಿದ್ದಾರೆ. ದುಬಾರಿ ಆಯ್ತು ಅಂತ ಗೊಣಗಿದವರೂ ಇದ್ದಾರೆ, ಆದರೆ ಮತ್ತೆ ಮತ್ತೆ ಅಗೆದು ಮುಚ್ಚುವ ಖರ್ಚನ್ನು ಯಾರು ಕೂಡಿಸಿದ್ದಾರೆ? ಎರಡು, ಪ್ರತಿ ತಾಲ್ಲೂಕು ಕೇಂದ್ರಕ್ಕೂ ಎರಡು ಬೇರೆ ಬೇರೆ ದಿಕ್ಕಿನಿಂದ ಫೈಬರ್ ಬರಲಿ. ಒಂದು ಕಡಿದರೆ ಇನ್ನೊಂದು. ಘಟ್ಟದಲ್ಲಿ ಗುಡ್ಡ ಕುಸಿದಾಗ ಟೋಂಗಾದ ಗತಿ ನಮಗೆ ಬೇಡ. ಮೂರು, ಕಡಿದಾಗ ನಿಜ ಹೇಳಿ. "ಇಂಥಾ ಕಡೆ ಕೇಬಲ್ ಕಡಿದಿದೆ, ಇಂಥವರು ಅಗೆದಿದ್ದಾರೆ, ಇಷ್ಟು ಹೊತ್ತಿಗೆ ಸರಿಯಾಗುತ್ತದೆ" ಎಂದು ಬಾಗಿಲಿಗೆ ಒಂದು ಚೀಟಿ ಅಂಟಿಸಲಿ.

ಸರ್ವರ್ ಡೌನ್ ಅಂದರೆ ಹೊಣೆ ಯಾರದ್ದೂ ಅಲ್ಲ. ಕೇಬಲ್ ಕಟ್ ಅಂದರೆ ಕಡಿದವರೊಬ್ಬರು ಇರಲೇಬೇಕು, ಕಟ್ಟಬೇಕಾದವರೂ ಒಬ್ಬರು ಇರಲೇಬೇಕು. ಒಂದು ದಿನದ ಕೂಲಿ ಬಿಟ್ಟು ಅಕ್ಕಿಗಾಗಿ ಸಾಲು ನಿಂತ ಹೆಣ್ಣುಮಗಳಿಗೆ ಅಷ್ಟಾದರೂ ತಿಳಿಯುವ ಹಕ್ಕಿದೆ.

ಮುಂದಿನ ಸಲ ಯಾರಾದರೂ "ಸರ್ವರ್ ಡೌನ್" ಅಂದರೆ ಸುಮ್ಮನೆ ವಾಪಸ್ ಬರಬೇಡಿ. "ಎಲ್ಲಿ ಕಡಿದಿದೆ?" ಅಂತ ಒಂದು ಮಾತು ಕೇಳಿ. ಏನಂತೀರಿ?