ಪೂಜಾರಿ ಕೊಡದ ವರ

ಹೊಸ ವಿಂಡೋ ಪರದೆಯ ಮೇಲೆ ಎಲ್ಲಿ ತೆರೆಯಬೇಕೆಂದು ತೀರ್ಮಾನಿಸುವವರು ಯಾರು? ಲಿನಕ್ಸಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ, 1987ರ ಎಕ್ಸ್11 ವ್ಯವಸ್ಥೆಯಲ್ಲಿ ತಂತ್ರಾಂಶವೇ ತನಗೆ ಬೇಕಾದ ಜಾಗ ಕೇಳಬಹುದಿತ್ತು. 2008ರಲ್ಲಿ ಶುರುವಾದ ವೇಲ್ಯಾಂಡ್ ಆ ಸಲುಗೆಯನ್ನು ಕಿತ್ತುಕೊಂಡಿತು. ಒಳ್ಳೆಯದೇ ಆಯಿತು. ಮನೆಗೆ ಬಂದ ನೆಂಟ ತನಗಿಷ್ಟವಾದ ಕೋಣೆಯಲ್ಲಿ ಹಾಸಿಗೆ ಬಿಡಿಸಬಾರದು. ಆದರೆ ಆ ಅಧಿಕಾರ ಮನೆಯ ಯಜಮಾನನಿಗೆ ಸೇರಬೇಕಿತ್ತಲ್ಲವೆ?

ಉಬುಂಟು, ಫೆಡೋರಾಗಳ ಜೊತೆ ಬರುವ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಹಾಗಾಗಿಲ್ಲ. ಹೊಸ ವಿಂಡೋಗಳೆಲ್ಲ ನಡುವೆ ತೆರೆಯಲಿ ಎನ್ನಬಹುದು. ‘ಈ ತಂತ್ರಾಂಶ ಇಲ್ಲೇ ತೆರೆಯಲಿ’ ಎನ್ನಲು ಸೆಟ್ಟಿಂಗ್ಸ್‌ನಲ್ಲಿ ದಾರಿಯಿಲ್ಲ. ಯಾರೋ ಬರೆದ ಎಕ್ಸ್‌ಟೆನ್ಷನ್ ನಂಬಬೇಕು; ಹೊಸ ಆವೃತ್ತಿ ಬಂದಾಗ ಅದು ಕೆಟ್ಟು ಕೂರಬಹುದು. ವೇಲ್ಯಾಂಡ್ ಇರುವುದೇ ಹೀಗೆ ಎನ್ನುವುದು ಬರೀ ನೆಪ. ಅದೇ ವೇಲ್ಯಾಂಡ್ ಮೇಲೆ ಕೆಡಿಇ ‘ವಿಂಡೋ ರೂಲ್ಸ್’ ಕೊಟ್ಟಿದೆಯಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಇದು ಶೋಕಿಯ ಮಾತಲ್ಲ. ದೃಷ್ಟಿ ಮಂದವಾಗಿ, ಪರದೆಯನ್ನು ನಾಲ್ಕು ಪಟ್ಟು ಹಿಗ್ಗಿಸಿಕೊಂಡು ಓದುವವರಿಗೆ ಒಮ್ಮೆಗೆ ಕಾಣುವುದು ಪರದೆಯ ಹದಿನಾರನೇ ಒಂದು ಪಾಲು. ಅದರಾಚೆ ತೆರೆದ ವಿಂಡೋಗಾಗಿ ಅವರು ದಿನವೂ ತಡಕಾಡಬೇಕು. ಆಯ್ಕೆಗಳು ಹೆಚ್ಚಾದರೆ ಸರಳತೆ ಕೆಡುತ್ತದಂತೆ. ಆ ಸರಳತೆ ಕಟ್ಟುವವರಿಗೆ. ತಡಕಾಟ ಮಾತ್ರ ಬಳಸುವವರಿಗೆ.